ಗೈರುಹಾಜರಿಯ ಸಮ್ಮತಿ

ನಗರದಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ರಸ್ತೆ ಎಂಬುದನ್ನು ಮುಂದಾಗಿಯೇ ಗೊತ್ತುಪಡಿಸುವ ದಾಖಲೆಗೆ ಮಹಾಯೋಜನೆ ಎಂದು ಹೆಸರು. ಅದರ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಕೊಡಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ವಿಧಿಸುವುದರಿಂದ, ಬೆಂಗಳೂರಿನ ತಳ್ಳುಗಾಡಿಯ ಸೊಪ್ಪಿನಾಕೆಯೂ ಯೋಜನಾಧಿಕಾರಿಯೂ ಮುಖಾಮುಖಿಯಾಗುವ ಸಂಭವ, ಕಾಗದದ ಮಟ್ಟಿಗಾದರೂ, ಇದ್ದೇ ಇದೆ. ಆಗ ನಡೆಯಬಹುದಾದ ಸಂವಾದ ಇಂತಿದೆ.

ಸೊಪ್ಪಿನಾಕೆ: ಈ ಗಾಡಿ ನಿಲ್ಲೋ ಜಾಗ ನಕ್ಷೆಯಲ್ಲಿ ಎಲ್ಲಿದೆ ಸ್ವಾಮಿ?

ಅಧಿಕಾರಿ: ನೋಡಮ್ಮಾ, ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ. ನೀವಿರುವುದು ರಸ್ತೆಯ ಮೇಲೆ, ಅದು ವಾಹನಗಳಿಗೆ.

ಸೊಪ್ಪಿನಾಕೆ: ಗಾಡಿಗೂ ನಾಲ್ಕು ಚಕ್ರ ಇದೆಯಲ್ಲ!

ಅಧಿಕಾರಿ: ಅಂಥ ಮಾತಿಗೆಂದೇ ಪಟ್ಟಣ ವ್ಯಾಪಾರ ಸಮಿತಿ ಇದೆ.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಈ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಂದಲೇ ಚುನಾಯಿತರಾದವರದು, ಅದರಲ್ಲೂ ಮೂರನೇ ಒಂದು ಭಾಗ ಮಹಿಳೆಯರದು. ಕಾಯ್ದೆ ಬರೆದವರ ಔದಾರ್ಯದಲ್ಲಿ ಕೊರತೆಯಿಲ್ಲ.

ಸೊಪ್ಪಿನಾಕೆ: ಸಭೆ ಎಷ್ಟು ಹೊತ್ತಿಗೆ?

ಅಧಿಕಾರಿ: ಬೆಳಿಗ್ಗೆ 11ಕ್ಕೆ.

ಸೊಪ್ಪಿನಾಕೆ: ಆಗ ಬಂದರೆ ಸೊಪ್ಪು ಬಾಡುತ್ತೆ.

ಅಧಿಕಾರಿ: ಬರದಿದ್ದರೂ ಚಿಂತೆಯಿಲ್ಲ, ಗೈರುಹಾಜರಾದವರ ಸಮ್ಮತಿ ಇದೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತೇವೆ.

ಸೊಪ್ಪಿನಾಕೆ: ಅದಕ್ಕೆ ಸಹಿ ಬೇಡವೇ?

ಅಧಿಕಾರಿ: ಬೇಡಮ್ಮಾ, ಅದೇ ಅದರ ಅನುಕೂಲ.