ಅಶ್ವಪತಿ

ಭಾನುವಾರದ ಬೆಳಗ್ಗೆ ಐದೂವರೆಗೆ, ಹಾಲಿನವನು ಇನ್ನೂ ಬೀದಿಗೆ ಕಾಲಿಡುವ ಮೊದಲೇ, ತಗಡಿನ ಡಬ್ಬಿಯಲ್ಲಿ ಕಡಲೆಕಾಯಿ ತುಂಬಿ ಕುಲುಕಿದಂತಹ ಶಬ್ದವೊಂದು ನಮ್ಮ ಮನೆಯ ಬಾಗಿಲಿನೆದುರು ಬಂದು ನಿಂತಿತೆಂದರೆ, ಆ ದಿನದ ನನ್ನ ಪತ್ರಿಕೆ, ಎರಡನೆಯ ಲೋಟ ಕಾಫಿ, ಬಿಸಿನೀರಿನ ಸ್ನಾನ ಈ ಮೂರೂ ವಿಜ್ಞಾನಕ್ಕೆ ಆಹುತಿಯಾದುವೆಂದೇ ತಿಳಿಯಬೇಕು. "ಮೇಷ್ಟ್ರೇ, ಎದ್ದಿದ್ದೀರಾ? ಗಾಳಿ ಏಳೋಕ್ ಮುಂಚೆ ಒಂದ್ ರೌಂಡ್ ಹೋಗ್ ಬಂದ್ಬುಡವಾ" ಎಂದು ಕರೆಯುವ ಆ ಧ್ವನಿಯಲ್ಲಿ ಎಂತಹ ನಿಷ್ಕಲ್ಮಷವಾದ ಉತ್ಸಾಹವಿರುತ್ತದೆಂದರೆ, ಮಲಗಿದಂತೆ ನಟಿಸುವ ನನ್ನ ಸಂಕಲ್ಪವು ಪ್ರತಿ ವಾರವೂ ಹೊಸ್ತಿಲಲ್ಲಿಯೇ ಮುರಿದು ಬೀಳುತ್ತದೆ.

ಇವನನ್ನು ನಾನು ಮನಸ್ಸಿನಲ್ಲಿ ಅಶ್ವಪತಿಯೆಂದು ಕರೆಯುತ್ತೇನೆ. ಈ ಜಾತಿಯ ಜನ ಈಗ ಊರೂರಿಗೂ ಇರುವರು. ಮದ್ದೂರಿನ ಗ್ಯಾರೇಜುಗಳ ಮುಂದೆ, ಮಳವಳ್ಳಿಯ ಚಹಾದಂಗಡಿಗಳ ಬಳಿ, ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡು, ತಮ್ಮ ಗಾಡಿಯ ಪಿಕಪ್ಪಿನ ವಿಷಯವನ್ನು ಪರಿಚಯವಿಲ್ಲದವರಿಗೂ ವಿವರಿಸುತ್ತ ನಿಂತಿರುವವರನ್ನು ನೀವೂ ಕಂಡಿರಬಹುದು. ಗಾಡಿ ತಯಾರಿಸಿದವರು ಎಂಜಿನಿನ ಗರ್ಭದಲ್ಲಿ ಒಂದಿಷ್ಟು ಶಕ್ತಿಯನ್ನು ಬೇಕೆಂದೇ ಹೂತಿಟ್ಟಿರುವರೆಂದೂ, ಆ ನಿಕ್ಷೇಪವನ್ನು ಐದು ಸಾವಿರ ರೂಪಾಯಿಯೊಳಗೆ ಅಗೆದು ತೆಗೆಯಬಹುದೆಂದೂ ಇವರೆಲ್ಲರ ಅಚಲವಾದ ಶ್ರದ್ಧೆ. ಐದು ಸಾವಿರ ಮೀರಿದರೆ ಅದು ಶ್ರೀಮಂತರ ವ್ಯಸನವಾಗುತ್ತದೆಯೇ ಹೊರತು ವಿದ್ಯೆಯೆನಿಸುವುದಿಲ್ಲ.

ಅಶ್ವಪತಿಯ ವಾಹನ ಹೀರೋ ಇಂಪಲ್ಸ್. 2011ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದ, ಡಾಂಬರಿನ ಮೇಲೂ ಗದ್ದೆಯ ಬದುವಿನ ಮೇಲೂ ಸಮಭಾವದಿಂದ ಓಡಬಲ್ಲ, ಕೊಕ್ಕರೆಯಂತೆ ಉದ್ದಕಾಲಿನ ಗಾಡಿ. ಎಂಜಿನು 150 ಸಿಸಿಗೆ ಕೂದಲೆಳೆ ಕಡಿಮೆ, ಬಲ ಸುಮಾರು 13 ಅಶ್ವಶಕ್ತಿ. ಇದನ್ನು ಅವನು ಮೂರನೆಯ ಕೈಯಿಂದ ಕೊಂಡುಕೊಂಡನು. ಹದಿಮೂರು ಕುದುರೆಗಳು ಒಬ್ಬ ಗುಮಾಸ್ತನನ್ನು ಕಚೇರಿಗೆ ಮುಟ್ಟಿಸಲು ಸಾಲವೇ ಎಂದು ನಾನು ಒಮ್ಮೆ ಕೇಳಿದ್ದುಂಟು. ಅವನು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು.

ಅಶ್ವಶಕ್ತಿಯೆಂಬ ಈ ಮಾನವನ್ನು ಗೊತ್ತುಮಾಡಿದವನು ಜೇಮ್ಸ್ ವಾಟ್. ಗಿರಣಿಯನ್ನು ತಿರುಗಿಸುವ ಕುದುರೆಗಳನ್ನು ಲೆಕ್ಕಕ್ಕೆ ಹಿಡಿದು, ನಿಮಿಷವೊಂದಕ್ಕೆ 33,000 ಪೌಂಡು ಭಾರವನ್ನು ಒಂದಡಿ ಎತ್ತುವಷ್ಟು ಬಲವೆಂದು ಅವನು ಅದನ್ನು ವಿಧಿಸಿದನು. ಈಗಿನ ಲೆಕ್ಕದಲ್ಲಿ ಸುಮಾರು 746 ವ್ಯಾಟು. ಆ ಪುಣ್ಯಾತ್ಮನೇನಾದರೂ ನಮ್ಮ ಸೀಮೆಯಲ್ಲಿ ಹುಟ್ಟಿ, ಆಲೆಮನೆಯ ಗಾಣಕ್ಕೆ ಕಟ್ಟಿದ ಹಳ್ಳಿಕಾರ್ ಎತ್ತುಗಳನ್ನು ಕಂಡಿದ್ದರೆ, ಜಗತ್ತೆಲ್ಲ ಇಂದು ವೃಷಭಶಕ್ತಿಯ ಮಾತಾಡುತ್ತಿತ್ತು. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರು ದೂರ ತಂತಿಯ ಮೇಲೆ ವಿದ್ಯುಚ್ಛಕ್ತಿಯನ್ನು ಸಾಗಿಸಿದ ಪ್ರಾಂತ್ಯದಲ್ಲಿ, ಕಾಲು ಅಶ್ವಶಕ್ತಿಗಾಗಿ ಒಬ್ಬನು ವಾರಗಟ್ಟಲೆ ನಿದ್ದೆಗೆಡುವುದು, ಅದರಲ್ಲಿಯೂ ನನ್ನ ನಿದ್ದೆಯನ್ನು ಕೆಡಿಸುವುದು, ಕಾಲಮಹಿಮೆಯೆನ್ನಬೇಕು.

ಅವನ ಮಾರ್ಪಾಡುಗಳೆಲ್ಲವನ್ನೂ ವರ್ಣಿಸಲು ಇಲ್ಲಿ ಅವಕಾಶವಿಲ್ಲ. ಮೊದಲು ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಡಿಮೆ ಮಾಡಿಸಿದನು. ಗಾಡಿ ನಿಂತಲ್ಲಿಂದ ಚಂಗನೆ ಹಾರಿತು. ಆದರೆ ಅದು ಏತದ ಮರವನ್ನು ಹಿಂದುಮುಂದೆ ಸರಿಸಿ ಕಟ್ಟಿದಂತೆ, ಎಳೆತ ಹೆಚ್ಚಿತೇ ಹೊರತು ಎಳೆಯುವವನ ಬಲ ಹೆಚ್ಚಲಿಲ್ಲವೆಂದು, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೂ ಹೊಳೆಯಿತು. ತರುವಾಯ ಸೈಲೆನ್ಸರಿನ ಹೊಟ್ಟೆಯನ್ನು ಕೊಯ್ಯಿಸಿ ಒಳಗಿನ ತಡೆಗಳನ್ನು ತೆಗೆಸಿದನು. ನಮ್ಮ ಆಲಂಕಾರಿಕರು ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಮೂರು ಬಗೆಯ ಶಬ್ದಶಕ್ತಿಯನ್ನು ಹೇಳಿದ್ದಾರಷ್ಟೆ. ಶಬ್ದವೇ ಶಕ್ತಿಯೆಂಬ ನಾಲ್ಕನೆಯ ಬಗೆಯನ್ನು ಅಶ್ವಪತಿ ಕಂಡುಹಿಡಿದನು. "ಈಗ್ ನೋಡಿ ಮೇಷ್ಟ್ರೇ, ಹೆಂಗ್ ಎಳೀತದೆ!" ಎಂದು ಅವನು ಕೂಗಿದ್ದು ನನಗೆ ಕೇಳಿಸಲಿಲ್ಲ. ಆದರೆ ಗಾಡಿಯ ಸದ್ದು ಪೊಲೀಸಿನವರಿಗೆ ಚೆನ್ನಾಗಿ ಕೇಳಿಸಿತು. ದಂಡ ತೆತ್ತು ಸೈಲೆನ್ಸರಿಗೆ ಹಳೆಯ ಹೊಟ್ಟೆಯನ್ನೇ ಮರಳಿ ಹಾಕಿಸಬೇಕಾಯಿತು.

ಕೊನೆಗೆ ಅವನ ಶ್ರದ್ಧೆ ನೆಲೆಗೊಂಡದ್ದು ಏರ್ ಫಿಲ್ಟರು ಮತ್ತು ಕಾರ್ಬುರೇಟರಿನ ಜೆಟ್ಟಿನಲ್ಲಿ. ಹೆಚ್ಚು ಗಾಳಿ ಒಳಗೆ ಹೋದರೆ ಅದಕ್ಕೆ ತಕ್ಕ ಪೆಟ್ರೋಲು ಹೋಗಬೇಕು, ಅದಕ್ಕೆ ಜೆಟ್ಟಿನ ರಂಧ್ರ ದೊಡ್ಡದಾಗಬೇಕು, ಪ್ರಮಾಣ ಸರಿಯಾಯಿತೋ ಇಲ್ಲವೋ ಎಂಬುದನ್ನು ಪ್ಲಗ್ಗಿನ ಬಾಯಿ ಹೇಳಬೇಕು. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಮಸಿ ಕಟ್ಟಿದರೆ ಅತಿಯಾಯಿತು, ಹುರಿದ ಕಾಫಿಬೀಜದ ತೆಳುಗಂದು ಬಣ್ಣ ಬಂದರೆ ಸಿದ್ಧಿ. ಬಿಸಿ ಪ್ಲಗ್ಗನ್ನು ಬಟ್ಟೆಯ ಚೂರಿನಲ್ಲಿ ಹಿಡಿದು, ಎಳೆಬಿಸಿಲಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ಅವನು ಪರೀಕ್ಷಿಸುವಾಗ, ವಜ್ರವನ್ನು ನೋಡುವ ಚಿನಿವಾರನ ಏಕಾಗ್ರತೆಯಿರುತ್ತದೆ. ಆ ಕ್ಷಣದಲ್ಲಿ, ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ಮತ್ಸರ. ನಾನು ಯಾವ ವಸ್ತುವನ್ನೂ ಹಾಗೆ ನೋಡಿ ಬಹಳ ಕಾಲವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಅವನು ಸಾಧಾರಣ ಹುಚ್ಚನಾಗಿ ಉಳಿಯುತ್ತಿದ್ದನು. ಅವನಿಗೆ ಅಳತೆ ಬೇಕು. ಮಹಾಭಾರತದಲ್ಲಿ ಋತುಪರ್ಣನು ಓಡುವ ರಥದಲ್ಲಿ ಕುಳಿತೇ ತಾರೆಮರದ ಎಲೆಕಾಯಿಗಳ ಲೆಕ್ಕವನ್ನು ಹೇಳಿಬಿಡುತ್ತಾನೆ. ನಂಬದ ನಳನು ರಥವನ್ನು ನಿಲ್ಲಿಸಿ, ಮರವನ್ನೇ ಕಡಿದು ಕೆಡವಿ, ಎಣಿಸಿ ನೋಡುತ್ತಾನೆ. ಅಶ್ವಹೃದಯವನ್ನು ಬಲ್ಲವರಿಗೆಲ್ಲ ಎಣಿಕೆಯ ಈ ಚಪಲ ಅಂಟಿಕೊಂಡೇ ಇರುವುದೋ ಏನೋ. ಬೆಂಗಳೂರಿನಲ್ಲಿ ಚಕ್ರವನ್ನು ಉರುಳೆಯ ಮೇಲಿಟ್ಟು ಶಕ್ತಿಯನ್ನು ಅಳೆಯುವ ಡೈನೋ ಯಂತ್ರಗಳುಂಟು. ಆದರೆ ಅಳತೆಯ ಖರ್ಚು ಮಾರ್ಪಾಡಿನ ಖರ್ಚಿಗೆ ಸಮನಾಗುವುದು ಅವನ ಅರ್ಥಶಾಸ್ತ್ರಕ್ಕೆ ಒಗ್ಗಲಿಲ್ಲ. ಆದುದರಿಂದ ಯಂತ್ರದ ಬದಲು ನಾನು ನಿಯೋಜಿತನಾದೆ.

ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಭಾರತೀನಗರದ ಆಚೆ ಒಂದು ನೇರವಾದ ತುಣುಕುಂಟು. ಕಬ್ಬಿನ ಟ್ರ್ಯಾಕ್ಟರುಗಳು ಹೊರಡುವ ಮೊದಲು ಅಲ್ಲಿ ಮೂರನೆಯ ಗೇರಿನಲ್ಲಿ ವೇಗ ಮೂವತ್ತಿರುವಾಗ ಅವನು "ಹೂಂ" ಎನ್ನುವನು, ನಾನು ಹಿಂದಿನ ಸೀಟಿನಲ್ಲಿ ಕುಳಿತು ಗಡಿಯಾರದ ಗುಂಡಿಯನ್ನು ಒತ್ತುವೆನು, ಮುಳ್ಳು ಅರವತ್ತನ್ನು ಮುಟ್ಟಿದೊಡನೆ "ಸಾಕು" ಎನ್ನುವನು, ಮತ್ತೆ ಒತ್ತುವೆನು. ಗಾಳಿಯ ಪಕ್ಷಪಾತ ತಪ್ಪಲೆಂದು ಹೋಗುವಾಗ ಎಂಟು ಸಲ, ಬರುವಾಗ ಎಂಟು ಸಲ. ಒಮ್ಮೆ ಅಡ್ಡ ಬಂದ ಎಮ್ಮೆಗೆ ಅವನು "ಹೂಂ" ಎಂದುದನ್ನು ನಾನು ಪ್ರಯೋಗದ ಆರಂಭವೆಂದು ತಿಳಿದು ಒತ್ತಿದೆ. ಆ ಎಮ್ಮೆಯ ಲೆಕ್ಕ ಈಗಲೂ ನೋಟುಪುಸ್ತಕದಲ್ಲಿದೆ, ಅಡ್ಡಗೆರೆ ಎಳೆದು. ಕೆಲಸವಾದ ಮೇಲೆ ಮದ್ದೂರಿನಲ್ಲಿ ನನಗೆ ಎರಡು ವಡೆ, ಒಂದು ಕಾಫಿ. ಇದು ನನ್ನ ವೇತನ. ಅಲ್ಲಿಂದ ಮಂಡ್ಯಕ್ಕೆ ಸರ್ವೀಸ್ ರಸ್ತೆ. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯ ನಡುದಾರಿಗೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಗಳಿಸಿದ ಶಕ್ತಿಯನ್ನು ವ್ಯಯಮಾಡಲು ಸ್ಥಳವೇ ಇಲ್ಲವೆಂಬುದು ಅವನನ್ನು ಎಂದೂ ಬಾಧಿಸಲಿಲ್ಲ.

ಫಿಲ್ಟರು ಹಾಕುವ ಮೊದಲು ಸರಾಸರಿ 8.4 ಸೆಕೆಂಡು ಬಂದಿತ್ತು. ಹಾಕಿ, ಜೆಟ್ಟು ಬದಲಾಯಿಸಿ, ಬಣ್ಣ ಸಾಧಿಸುವಷ್ಟರಲ್ಲಿ ನಾನು ಟೈಫಾಯ್ಡ್ ಹಿಡಿದು ಮಲಗಿದೆ. ಒಂದೂವರೆ ತಿಂಗಳು ಪ್ರಯೋಗ ನಿಂತಿತು. ದಿನವೂ ಸಂಜೆ ಅವನು ಎಳನೀರು ತಂದು ತಲೆದೆಸೆಯಲ್ಲಿಟ್ಟು, "ಆರಾಮಾಗಿ ಎದ್ದೇಳಿ ಮೇಷ್ಟ್ರೇ, ಅರ್ಜೆಂಟೇನಿಲ್ಲ" ಎನ್ನುತ್ತಿದ್ದನು. ಅವನ ಎಡಗೈ ಮಾತ್ರ ಜೇಬಿನೊಳಗೆ ಗಡಿಯಾರದ ಗುಂಡಿಯನ್ನು ಒತ್ತುತ್ತಲೇ ಇರುತ್ತಿತ್ತು. ನಾನು ಎದ್ದ ಮೊದಲ ಭಾನುವಾರ ಸರಾಸರಿ 8.2 ಬಂದಿತು. ಅಶ್ವಪತಿ ರಸ್ತೆಯ ಬದಿಯಲ್ಲಿ ಕುಳಿತು ಭಾಗಾಕಾರ ಮಾಡಿ, ಕಾಲು ಅಶ್ವಶಕ್ತಿಗೆ ಮೇಲೆಯೇ ಲಾಭವಾಯಿತೆಂದು ಸಾರಿ, ಆ ದಿನ ನನಗೆ ಮೂರು ವಡೆ ಕೊಡಿಸಿದನು.

ಆ ವಾರದಲ್ಲಿಯೇ ಪರಿಚಿತರೊಬ್ಬರೊಡನೆ ಬೆಲ್ಲದ ಮಂಡಿಗೆ ಹೋದವನು, ಅಚ್ಚುಬೆಲ್ಲದ ಮೂಟೆಗಳನ್ನು ಇಳಿಸಿ ಖಾಲಿಯಿದ್ದ ತಕ್ಕಡಿಯ ಮೇಲೆ ಸುಮ್ಮನೆ ಹತ್ತಿ ನಿಂತೆ. ಎಪ್ಪತ್ತೆರಡು. ಕಾಯಿಲೆಗೆ ಮೊದಲು ನಾನು ಎಪ್ಪತ್ತೆಂಟು ಇದ್ದೆ. ಗಾಡಿ 134 ಕಿಲೋ, ಅವನು ಎಪ್ಪತ್ತು, ನಾನು ಎಪ್ಪತ್ತೆಂಟು. ಒಟ್ಟು 282ರಲ್ಲಿ ಆರು ಕಿಲೋ ಇಳಿದರೆ ನೂರಕ್ಕೆ ಎರಡರಷ್ಟು ಹಗುರ. 8.4ರಲ್ಲಿ ನೂರಕ್ಕೆ ಎರಡು ಕಳೆದರೆ ಎಷ್ಟೆಂಬುದನ್ನು ನಾನು ಮಂಡಿಯ ಚೀಟಿಯ ಹಿಂಬದಿಯಲ್ಲಿ ಮೂರು ಸಲ ಬರೆದು ನೋಡಿದೆ. ಅವನ ನಾಲ್ಕು ಸಾವಿರ ರೂಪಾಯಿಯ ಕುದುರೆಮರಿಯನ್ನು ಹೆತ್ತದ್ದು ನನ್ನ ಟೈಫಾಯ್ಡ್.

ಹೇಳಬಾರದೆಂದುಕೊಂಡು ಎರಡು ದಿನ ಇದ್ದೆ. ಮೇಷ್ಟ್ರ ಚಾಳಿ, ಮೂರನೆಯ ದಿನ ಹೇಳಿದೆ. ಅವನು ಚೀಟಿಯನ್ನು ಕೈಗೆ ತೆಗೆದುಕೊಂಡು, ನಿಧಾನವಾಗಿ ಓದಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡನು. ಬಹಳ ಹೊತ್ತಿನ ಮೇಲೆ, "ನಮ್ಮಪ್ಪ ಕಬ್ಬಿನ್ ಗಾಡಿ ಹೊಡೀವಾಗ, ಏರು ಬಂತು ಅಂದ್ರೆ ಇಳಿದ್ಬುಡೋನು ಮೇಷ್ಟ್ರೇ. ನನ್ನೂ ಇಳಿಸೋನು. ಎತ್ತಿನ್ ಪಕ್ಕ ನಡ್ಕೊಂಡ್ ಬರೋನು. ನಾನು ಅಳೋನು, ಕಾಲು ನೋಯ್ತದೆ ಅಂತ" ಎಂದನು. ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸುತ್ತಿದ್ದನು, ಎತ್ತಿನ ಇಣಿಲಿನ ಮೇಲೆ ಆಡಿಸುವಂತೆ. ನನಗೆ ಏನು ಹೇಳಬೇಕೋ ತೋರಲಿಲ್ಲ.

ಮುಂದಿನ ಭಾನುವಾರ ಐದೂವರೆಗೆ ಕಡಲೆಕಾಯಿಯ ಡಬ್ಬಿ ಬಾರದೆಯೇ ಹೋಗಬಹುದೆಂದು ನಾನು ಆಶಿಸಿದ್ದೆನೋ ಅಂಜಿದ್ದೆನೋ ಈಗ ಹೇಳಲಾರೆ. ಐದು ಗಂಟೆಗೇ ಎದ್ದು ಕುಳಿತಿದ್ದೆನೆಂಬುದಂತೂ ನಿಜ. ಅದು ಬಂದಿತು. ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲಿ ಒಂದು ಹೊಸ ತೂಕದ ಯಂತ್ರವಿತ್ತು. ನನ್ನನ್ನು ಅಂಗಳದಲ್ಲಿಯೇ ಅದರ ಮೇಲೆ ನಿಲ್ಲಿಸಿ, ಅಂಕಿಯನ್ನು ಗುರುತು ಹಾಕಿಕೊಂಡು, ಎಂದಿನಂತೆ ಭಾರತೀನಗರಕ್ಕೆ ಕರೆದೊಯ್ದು ಹದಿನಾರು ಸಲ ಓಡಿಸಿದನು. ಆಮೇಲೆ ಮದ್ದೂರು. ಎರಡು ತಟ್ಟೆಯಲ್ಲಿ ಎರಡೆರಡು ವಡೆ ಬಂದುವು. ನಾನು ಮೊದಲನೆಯದನ್ನು ಮುರಿದು ಬಾಯಿಗಿಟ್ಟುಕೊಳ್ಳುತ್ತಿರುವಾಗಲೇ ಅವನು, "ಒಂದೇ ಸಾಕ್ ಮೇಷ್ಟ್ರೇ, ರೀಡಿಂಗ್ ಕೆಟ್ಟೋಯ್ತದೆ" ಎಂದು ನನ್ನ ಎರಡನೆಯ ವಡೆಯನ್ನು ತನ್ನ ತಟ್ಟೆಗೆ ಎತ್ತಿಕೊಂಡು, ಚಟ್ನಿಗೆ ಅದ್ದಿ, ನೆಮ್ಮದಿಯಿಂದ ತಿನ್ನತೊಡಗಿದನು. ತಾನೂ ಅದೇ ಗಾಡಿಯ ಮೇಲೆ ಕುಳಿತುಕೊಳ್ಳುವವನೆಂಬ ಲೆಕ್ಕವನ್ನು ನಾನು ಅವನಿಗೆ ಹೇಳಲಿಲ್ಲ.