ಜೀವಕೋಶೋಪಚಾರ ಮೀಮಾಂಸೆ

ಮನುಷ್ಯನಿಗೆ ಸುಸ್ತು ಏಕಾಗುತ್ತದೆ ಎಂಬ ಪ್ರಶ್ನೆಗೆ ಹಿಂದಿನವರು ಪಿತ್ತ, ಕಣ್ಣುದೃಷ್ಟಿ, ಸಾಡೇಸಾತಿ ಎಂದು ಮೂರು ಕಾರಣ ಕೊಟ್ಟರು. ಇಂದಿನವರು ಮೂರನ್ನೂ ತಳ್ಳಿಹಾಕಿ ‘ಎಲ್ಲಾ ಸೆಲ್ ಲೆವೆಲ್ಲಲ್ಲೇ ಇದೆ ಸಾರ್’ ಎನ್ನುತ್ತಾರೆ. ಹೀಗೆನ್ನುವವರ ಕೈಚೀಲದಲ್ಲಿ ಒಂದು ಡಬ್ಬಿ ಇರುತ್ತದೆ. ಆ ಡಬ್ಬಿಯ ಮುಚ್ಚಳ ತೆಗೆಯದೆಯೇ ನಡೆಸಿದ ವಿಚಾರಣೆ ಇದು.

ಮೊದಲು ಗಣನೆ. ವಯಸ್ಕರ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಕೋಶಕ್ಕೊಂದು ರೂಪಾಯಿಯಂತೆ ಉಪಚಾರ ಮಾಡಹೊರಟರೆ, 4 ಲಕ್ಷ ಕೋಟಿ ಚಿಲ್ಲರೆಯ ಕರ್ನಾಟಕದ 2025-26ರ ಬಜೆಟ್ಟು ಏಳರಲ್ಲೊಂದು ಪಾಲಿಗೂ ಸಾಲದು. ಮಿಕ್ಕ ಕೋಶಗಳೆಲ್ಲ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾದೀತು.

ಇನ್ನು ಚೈತನ್ಯ ವಿಚಾರ. ಕೋಶಗಳ ಚಲಾವಣೆಯ ನಾಣ್ಯ ಎಟಿಪಿ ಎಂಬ ಅಣು. 1929ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಲೋಮನ್, ಬೋಸ್ಟನ್ನಿನಲ್ಲಿ ಫಿಸ್ಕ್ ಜೊತೆಗೂಡಿ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಇದನ್ನು ಬೆಳಕಿಗೆ ತಂದರು. ಯಾವ ಗಳಿಗೆಯಲ್ಲಿ ತೂಗಿದರೂ ದೇಹದಲ್ಲಿ ಇದು ನೂರು ಗ್ರಾಂ ಮೀರುವುದು ಕಷ್ಟ. ಆದರೆ ಅದನ್ನೇ ಮುರಿದು ಕಟ್ಟಿ, ಕಟ್ಟಿ ಮುರಿದು, ದಿನಕ್ಕೆ ಹೆಚ್ಚುಕಮ್ಮಿ ನಮ್ಮ ತೂಕದಷ್ಟೇ ತಯಾರಾಗುತ್ತದೆ. ಆದಕಾರಣ ಭಾನುವಾರ ದಿವಾನದ ಮೇಲೆ ಉರುಳಿಕೊಂಡ ಎಪ್ಪತ್ತು ಕಿಲೋದ ಗೃಹಸ್ಥನನ್ನು ‘ಏನೂ ಮಾಡದೆ ಬಿದ್ಕೊಂಡಿದೀರಲ್ಲ’ ಎಂದು ಗದರುವುದು ಶಾಸ್ತ್ರವಿರುದ್ಧ. ಗದರುವವರು ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನೆಲ್ಲ ತಯಾರಿಸುತ್ತಿದ್ದಾರೆಂಬ ಅಂಶ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಎಟಿಪಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯಾದಲ್ಲಿ. ಇವು ನಮಗೆ ಬರುವುದು ತಾಯಿಯಿಂದ. ತಂದೆಯ ಕಡೆಯದು ಲೆಕ್ಕಕ್ಕಿಲ್ಲ. ಅಂದರೆ ಗಂಡನ ಸೋಮಾರಿತನಕ್ಕೆ ಅತ್ತೆಯನ್ನು ಹೊಣೆಯಾಗಿಸಲು ಸೊಸೆಗೆ ಶಾಸ್ತ್ರಾಧಾರ ಸಿಕ್ಕಂತಾಯಿತು. ಗೃಹಶಾಂತಿಯ ದೃಷ್ಟಿಯಿಂದ ಈ ಭಾಗವನ್ನು ಗಟ್ಟಿಯಾಗಿ ಓದತಕ್ಕದ್ದಲ್ಲ.

ಉಪವಾಸವಾದಿಗಳದು ಬೇರೆ ಪಕ್ಷ. ಹಸಿದ ಕೋಶ ತನ್ನೊಳಗಿನ ಹಳೇ ಸಾಮಾನನ್ನು ತಾನೇ ತಿಂದು ಚೊಕ್ಕಟವಾಗುತ್ತದೆ. ಅದು ಹೇಗೆಂದು ಯೀಸ್ಟಿನಲ್ಲಿ ತೋರಿಸಿದ ಯೋಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಏಕಾದಶಿ ಮಾಡುವವರು ಇದು ತಮ್ಮದೇ ಗೆಲುವೆಂದು ಬೀಗಿದ್ದಾರೆ. ಆದರೆ ಓಸುಮಿಯವರ ಯೀಸ್ಟು ನಡುನಡುವೆ ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಗೋಡಂಬಿ ಹಾಕಿದ ಅವಲಕ್ಕಿ ಸ್ವೀಕರಿಸಿರಲಿಲ್ಲ.

ಈಗ ಡಬ್ಬಿಗೆ ಬರೋಣ. ಪೂರ್ವಪಕ್ಷ: ‘ಈ ಪುಡಿ ಪ್ರತಿಯೊಂದು ಸೆಲ್ಲಿನ ಮೈಟೊಕಾಂಡ್ರಿಯಾಕ್ಕೂ ಶಕ್ತಿ ತುಂಬುತ್ತದೆ.’ ಖಂಡನೆ: ನಮ್ಮ ಕೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟವು ಕೆಂಪು ರಕ್ತಕಣಗಳು. ಅವುಗಳಲ್ಲಿ ಮೈಟೊಕಾಂಡ್ರಿಯಾವೇ ಇಲ್ಲ! ಆಮ್ಲಜನಕ ಹೊತ್ತು ಮೈಯೆಲ್ಲ ಹಂಚುತ್ತಾ, ಮದುವೆಮನೆಯಲ್ಲಿ ಬಡಿಸುವವರಂತೆ ತಾವೊಂದು ತುತ್ತೂ ಮುಟ್ಟದೆ, ಸುಮಾರು 120 ದಿನ ದುಡಿದು ತೀರಿಕೊಳ್ಳುತ್ತವೆ. ಬಹುಮತ ಈ ಕಡೆ ಇರುವಾಗ ಪುಡಿ ಶಕ್ತಿ ತುಂಬುವುದು ಎಲ್ಲಿಗೆ? ಮಾರುವವನ ಜೇಬಿಗೆ ಎಂಬ ಒಂದು ಮತವಿದೆ. ಅದಕ್ಕೆ ಪುರಾವೆಯೂ ಗಟ್ಟಿಯಾಗಿದೆ.

ಖಂಡನೆಗೆ ಸಿಕ್ಕದೆ ಉಳಿದದ್ದು ನಡಿಗೆಯವರ ಪಕ್ಷವೊಂದೇ. 1967ರಲ್ಲಿ ಜಾನ್ ಹೊಲೊಸಿ ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಾದ ಸಾಮರ್ಥ್ಯ ಸುಮಾರು ದುಪ್ಪಟ್ಟಾದದ್ದನ್ನು ತೋರಿಸಿದರು. ಆ ಇಲಿಗಳು ಡಬ್ಬಿ ಕೊಂಡಿರಲಿಲ್ಲ. ಓಟ ಮುಗಿದೊಡನೆ ಮಸಾಲೆ ದೋಸೆಗೂ ಹೋಗಲಿಲ್ಲ. ಲಾಲ್‌ಬಾಗಿನ ಸಂಪ್ರದಾಯ ಈ ವಿಷಯದಲ್ಲಿ ಬೇರೆ.

ಓದುಗರಲ್ಲಿ ವಿನಂತಿ: ಡಬ್ಬಿಯವರು ಮನೆಗೆ ಬಂದರೆ ಕೂರಿಸಿ, ಕಾಫಿ ಕೊಟ್ಟು, ‘ಕೆಂಪು ರಕ್ತಕಣಕ್ಕೆ ಇದೇನು ಮಾಡುತ್ತೆ?’ ಎಂದು ಕೇಳಿ. ಉತ್ತರ ಬರುವ ತನಕ ಪರ್ಸಿಗೆ ಕೈಹಾಕಬೇಡಿ.