ಮೂಲಪುರುಷನ ಪತ್ತೆ

ಸಾಹೇಬರು: ಗೂಢಲಿಪಿ ಒಡೀರಿ ಅಂತ ನಾವೆಲ್ಲಿ ಹೇಳಿದ್ವಿ? 2021ರ ಐಟಿ ನಿಯಮ 4(2) ಓದಿ. ಮೆಸೇಜು ಮೊದಲು ಹುಟ್ಟಿಸಿದವರು ಯಾರು, ಅಷ್ಟೇ ಹೇಳಿ.

ಇಂಜಿನಿಯರ್: ಕೀಲಿ ಇರೋದು ಕಳಿಸಿದವರ, ಪಡೆದವರ ಫೋನಿನಲ್ಲಿ ಮಾತ್ರ ಸರ್. ಒಬ್ಬನನ್ನು ಹಿಡಿಯೋಕೆ ಎಲ್ಲರ ಮೆಸೇಜಿಗೂ ಮೊದಲೇ ಗುರುತು ಹಾಕಿಡಬೇಕು.

ಸಾಹೇಬರು: ಹಾಕಿ. ತಪ್ಪು ಮಾಡದವರಿಗೆ ಭಯವೇಕೆ?

ಇಂಜಿನಿಯರ್: ತಮ್ಮಿಂದಲೇ ಶುರು ಮಾಡೋಣವೇ?

ಸಾಹೇಬರು: ಛೆ, ನನ್ನವು 24 ಗಂಟೆಗೆ ತಾವೇ ಅಳಿಸಿಹೋಗ್ತವೆ. ಸೂಕ್ಷ್ಮ ವಿಷಯ ಇರ್ತವೆ ನೋಡಿ.

(ಈ ನಿಯಮದ ಕೇಸು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದೆ. ಗೂಢಲಿಪಿ ಮುರಿ ಅಂದರೆ ನಾವು ಹೊರಟೆವು ಎಂದು ವಾಟ್ಸ್ಆ್ಯಪ್ ವಕೀಲರು 2024ರಲ್ಲೇ ಹೇಳಿದ್ದಾರೆ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುವ ಮಾವಂದಿರ ಗತಿ ಏನೆಂದು ಯಾರೂ ವಾದಿಸಿಲ್ಲ.)

ಇಂಜಿನಿಯರ್: ಈಗ ಯಾರು ಬೇಕಿತ್ತು?

ಸಾಹೇಬರು: ನಮ್ಮ ರಾಷ್ಟ್ರಗೀತೆಯೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿತು ಅಂತ ಸುಳ್ಳು ಹಬ್ಬಿಸಿದವನು.

ಇಂಜಿನಿಯರ್: ಅದು ಇ-ಮೇಲ್ ಕಾಲದ್ದು! ನಿಮ್ಮ ಇಲಾಖೆ ಗ್ರೂಪಿಗೆ ಹಾಕಿದ್ಯಾರು?

ಸಾಹೇಬರು: ನಾನೇ. ಬರೀ ಫಾರ್ವರ್ಡು.

ಇಂಜಿನಿಯರ್: ಫಾರ್ವರ್ಡೋ, ಕಾಪಿ ಮಾಡಿ ಅಂಟಿಸಿದ್ದೋ?

ಸಾಹೇಬರು: ಅಂಟಿಸಿದ್ದು. ಯಾಕೆ?

ಇಂಜಿನಿಯರ್: ಹಾಗಾದ್ರೆ ಯಂತ್ರದ ಲೆಕ್ಕದಲ್ಲಿ ಮೂಲಪುರುಷ ತಾವೇ.

ಸಾಹೇಬರು: ...ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, ಆ ತೀರ್ಪಿನ ಪ್ರತಿ ಒಂದು ಸಿಗುತ್ತಾ?